ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮತ್ತು ನಮ್ಮ ಗಂಜಿಯೂಟ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದವಳು. ವಯಸ್ಸು 43, ಎತ್ತರ 5 ಅಡಿ 2 ಇಂಚು, ತೂಕ 104 ಕಿಲೋ. 8 ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ಮೆಟ್‌ಫಾರ್ಮಿನ್ ಮಾತ್ರೆಯ ಜೊತೆಗೆ ಈಗ ಇನ್ಸುಲಿನ್ ಕೂಡ ತೆಗೆದುಕೊಳ್ಳುತ್ತಿದ್ದೇನೆ. ರಾತ್ರಿ ಎದೆಯುರಿಯಿಂದ ಎಚ್ಚರವಾಗುತ್ತದೆ, ಮೊಣಕಾಲು ನೋವೂ ಇದೆ. ಮಂಗಳೂರಿನ ವೈದ್ಯರು ಮುಂದಿನ ತಿಂಗಳು ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟಿದ್ದು, ಸ್ಲೀವ್ (ಜಠರವನ್ನು ಕತ್ತರಿಸಿ ಸಪೂರ ಮಾಡುವುದು) ಅಥವಾ ಬೈಪಾಸ್ (ಜಠರದ ಪುಟ್ಟ ಚೀಲವನ್ನು ಸಣ್ಣಕರುಳಿಗೆ ಜೋಡಿಸುವುದು) ಎರಡರಲ್ಲಿ ಯಾವುದೆಂದು ಯೋಚಿಸಿ ಹೇಳಲು ತಿಳಿಸಿದ್ದಾರೆ. ಅದಕ್ಕೆ ಮೊದಲು ಎರಡು ವಾರ ಅನ್ನ ಬಿಡಬೇಕಂತೆ. ಅತ್ತೆಯವರು ಮಾತ್ರ, ‘ಆಪರೇಷನ್ನಿಗೆ ಮೊದಲು ಸರಿಯಾಗಿ ಉಂಡು ಮೈಗೆ ಬಲ ಮಾಡಿಕೊಳ್ಳಬೇಕು, ಆಮೇಲೆ ಗಂಜಿ ಕುಡಿದುಕೊಂಡಿದ್ದರಾಯಿತು’ ಎನ್ನುತ್ತಾರೆ. ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನೆರೆಮನೆಯವರೊಬ್ಬರಿಗೆ ಎರಡು ತಿಂಗಳಾದರೂ ವಾಂತಿ ನಿಂತಿಲ್ಲ, ಕೂದಲು ಉದುರುತ್ತಿದೆ. ಸಂಬಂಧಿಕರೊಬ್ಬರ ತೂಕ ಇಳಿದದ್ದು ಮೂರು ವರ್ಷದಲ್ಲಿ ಅರ್ಧ ಮರಳಿ ಬಂದಿದೆ. ನಮ್ಮದು ಸಸ್ಯಾಹಾರಿ ಮನೆ, ಮೊಟ್ಟೆಯೂ ಇಲ್ಲ. ಮದುವೆ, ಉಪನಯನದಂಥ ಜಂಬರಗಳಿಗೆ ಹೋಗದೆ ಇರಲಾಗದು. ಹುಟ್ಟಿದಂದಿನಿಂದ ಉಂಡ ಕುಚ್ಚಲಕ್ಕಿ ಗಂಜಿಯನ್ನು ನಾನು ಇನ್ನು ಉಣ್ಣಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಬುಡದಲ್ಲಿರುವುದು ಒಂದೇ ಅಳುಕು. ಹೊಟ್ಟೆಯೊಳಗೆ ವೈದ್ಯರು ಏನು ಮಾಡುತ್ತಾರೆ ಎನ್ನುವುದಕ್ಕಿಂತ, ಆ ಬಳಿಕ ನಿಮ್ಮ ಅಡುಗೆಮನೆಯಲ್ಲಿ, ನಾಲ್ಕು ಜನರ ನಡುವಿನ ಪಂಕ್ತಿಯಲ್ಲಿ ನೀವು ಹೇಗೆ ಬಾಳುವಿರಿ ಎನ್ನುವ ಅಳುಕು ಅದು. ಇಂಥ ಶಸ್ತ್ರಚಿಕಿತ್ಸೆಗೆ ಬರುವವರ ಆಹಾರವನ್ನು ನೋಡಿಕೊಳ್ಳುವುದೇ ನನ್ನ ಕೆಲಸವಾಗಿರುವುದರಿಂದ, ಕೇರಳ ಗಡಿಯ ಈಚೆಯಿಂದ ಮಂಗಳೂರಿಗೆ ಬರುವ ಬಹಳಷ್ಟು ಮಂದಿಯ ಬಾಯಲ್ಲಿ ಈ ಮಾತನ್ನು ಕೇಳಿದ್ದೇನೆ. ಅವರ ಕೈಗೆ ಸಿಗುವ ಪಥ್ಯದ ಚೀಟಿಯಲ್ಲಿ ಓಟ್ಸ್, ಬ್ರೊಕೋಲಿಗಳಿರುತ್ತವೆಯೇ ಹೊರತು ತಂಬುಳಿ, ತೊವ್ವೆ, ಎಲೆಯಲ್ಲಿ ಬೇಯಿಸುವ ಕೊಟ್ಟಿಗೆ ಇವುಗಳ ಮಾತಿರುವುದಿಲ್ಲ. ಚೀಟಿ ಇಂಗ್ಲಿಷಿನಲ್ಲಿದ್ದು ಅಡುಗೆ ಮಾಡುವವರಿಗೆ ಅದು ಓದಲು ಬಾರದಿದ್ದರೆ, ಎರಡನೆಯ ವಾರದಲ್ಲೇ ಮನೆ ತನ್ನ ಹಳೆಯ ಪಥ್ಯಕ್ಕೆ, ಅಂದರೆ ಗಂಜಿಗೆ ಮರಳುತ್ತದೆ.

ಅತ್ತೆಯವರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಅವರೊಬ್ಬರ ಮಾತಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಚೆನ್ನಾಗಿ ಉಣ್ಣಬೇಕು, ಆಮೇಲೆ ಗಂಜಿ ಕುಡಿಯಬೇಕು ಎನ್ನುವುದು ಹೊಟ್ಟೆಗೆ ಸಂಬಂಧಿಸದ ಎಷ್ಟೋ ಕಾಯಿಲೆಗಳಲ್ಲಿ ನಮ್ಮ ಹಿರಿಯರ ಅನುಭವಕ್ಕೆ ಬಂದ ತಿಳಿವಳಿಕೆ. ಜ್ವರದಲ್ಲಿ, ಬಾಣಂತನದಲ್ಲಿ ಅದು ಕಾಪಾಡಿದೆ. ಆದರೆ ಈ ಒಂದು ಚಿಕಿತ್ಸೆಯಲ್ಲಿ ಅದರ ಎರಡು ತುದಿಗಳೂ ಅದಲುಬದಲಾಗುತ್ತವೆ. ಮೊದಲು ಕಡಿಮೆ ಉಣ್ಣಬೇಕು, ಆಮೇಲೆ ಗಂಜಿಯನ್ನು ಹಿಂದಕ್ಕಿಟ್ಟು ಬೇಳೆ, ಹಾಲು, ಪನೀರುಗಳನ್ನು ಮುಂದಕ್ಕೆ ತರಬೇಕು.

ಮೊದಲು ಕಡಿಮೆ ಏಕೆಂದರೆ, ಪಿತ್ತಜನಕಾಂಗದ (ಲಿವರ್) ಎಡಭಾಗವು ಜಠರದ ಮೇಲ್ತುದಿಯನ್ನು ಮುಚ್ಚಿಕೊಂಡಿರುತ್ತದೆ. ಬಹುಕಾಲ ತೂಕ ಹೆಚ್ಚಿದ್ದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯಿದ್ದವರಲ್ಲಿ, ಅದು ಕೊಬ್ಬು ತುಂಬಿ ದಪ್ಪಗಾಗಿ, ಮುಟ್ಟಿದರೆ ಸುಲಭವಾಗಿ ರಕ್ತ ಸುರಿಸುವಷ್ಟು ಮೆದುವಾಗಿರುತ್ತದೆ. ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಕೆಲಸ ಮಾಡುವ ವೈದ್ಯರು ಇದನ್ನು ಮೇಲಕ್ಕೆತ್ತಿ ಹಿಡಿದ ಮೇಲೆಯೇ ಜಠರ ಕಾಣುವುದು. ಎರಡು ವಾರ ಪಿಷ್ಟವನ್ನು ಕಡಿಮೆ ಮಾಡಿದರೆ, ಪಿತ್ತಜನಕಾಂಗವು ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕರಗುತ್ತದೆ, ಅದರೊಂದಿಗೆ ಹಿಡಿದಿಟ್ಟ ನೀರು ಹೋಗುತ್ತದೆ, ಕೊಬ್ಬೂ ಸ್ವಲ್ಪ ಇಳಿದು ಅಂಗವು ಕುಗ್ಗುತ್ತದೆ. ಸಾಮಾನ್ಯವಾಗಿ ದಿನಕ್ಕೆ 800ರಿಂದ 1200 ಕ್ಯಾಲೊರಿಯ, ಪ್ರೋಟೀನ್ ಹೆಚ್ಚಿರುವ ಪಥ್ಯವನ್ನು ಇದಕ್ಕಾಗಿ ಕೊಡುತ್ತಾರೆ. ಇದು ಉಪವಾಸವಲ್ಲ. ಬೆಲ್ಲ ಹಾಕದ ಕಷಾಯ, ತೆಳು ಮಜ್ಜಿಗೆ, ದಪ್ಪ ತೊವ್ವೆ, ಕೆನೆ ತೆಗೆದ ಹಾಲು, ಮೊಸರು, ಪನೀರು, ಮುಳ್ಳುಸೌತೆ, ಬೂದುಗುಂಬಳದಂಥ ತರಕಾರಿಯ ಪಲ್ಯ, ವೈದ್ಯರು ಸೂಚಿಸಿದ ಪ್ರೋಟೀನ್ ಪುಡಿ ಇಷ್ಟರಲ್ಲಿ ದಿನ ಕಳೆಯುತ್ತದೆ. ‘ಇನ್ನು ಸಿಗುವುದಿಲ್ಲವಲ್ಲ’ ಎಂದು ಈ ಎರಡು ವಾರಗಳಲ್ಲಿ ಮನೆಯವರು ಹೋಳಿಗೆ ಮಾಡಿ ಬಡಿಸುವುದನ್ನು ಕಂಡಿದ್ದೇನೆ. ಅದು ಪ್ರೀತಿಯೇ ಆದರೂ ಅದರ ಭಾರ ಬೀಳುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ.

ಇಲ್ಲಿ ನಿಮಗೆ ಮಾತ್ರ ಸಂಬಂಧಿಸಿದ ಒಂದು ಅಪಾಯವಿದೆ, ದಯವಿಟ್ಟು ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಅನ್ನ ನಿಂತ ದಿನವೇ ನಿಮ್ಮ ಇನ್ಸುಲಿನ್ ಪ್ರಮಾಣವೂ ಬದಲಾಗಬೇಕು. ಹಳೆಯ ಪ್ರಮಾಣವನ್ನೇ ಚುಚ್ಚಿಕೊಂಡರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು, ಅದೂ ನಡುರಾತ್ರಿಯಲ್ಲಿ. ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೇನಾದರೂ ತೆಗೆದುಕೊಳ್ಳುತ್ತಿದ್ದರೆ, ಅವುಗಳನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಪಿಷ್ಟ ಕಡಿಮೆಯಾದಾಗ ಅವು ರಕ್ತದಲ್ಲಿ ಆಮ್ಲ ಹೆಚ್ಚಿಸುವ ಗಂಭೀರ ಸ್ಥಿತಿಗೆ ದಾರಿ ಮಾಡಬಲ್ಲವು, ಆಗ ಸಕ್ಕರೆಯ ಅಂಕಿ ಅಷ್ಟೇನೂ ಏರಿರದೆ ಅದು ಗೊತ್ತಾಗದೆಯೂ ಹೋಗಬಹುದು. ಪಥ್ಯ ಶುರುಮಾಡುವ ಮೊದಲೇ ಸಕ್ಕರೆ ಕಾಯಿಲೆಯ ವೈದ್ಯರನ್ನು ಕಂಡು, ಯಾವ ಔಷಧ ಎಷ್ಟು ಎಂದು ಬರೆಸಿಕೊಳ್ಳಿ.

ಈ ಎರಡು ವಾರಗಳಲ್ಲಿ ಕಲಿಯಬೇಕಾದದ್ದು ಇನ್ನೊಂದಿದೆ, ನನ್ನ ಅನುಭವದಲ್ಲಿ ಕ್ಯಾಲೊರಿಯ ಲೆಕ್ಕಕ್ಕಿಂತ ಅದೇ ಕಷ್ಟ. ನಮ್ಮ ಕರಾವಳಿಯ ಊಟವನ್ನು ಗಮನಿಸಿ: ಮೊದಲು ಸಾರು ಕಲಸಿದ ಅನ್ನ, ಆಮೇಲೆ ಸಾಂಬಾರು, ಕೊನೆಗೆ ಮಜ್ಜಿಗೆ. ಈ ಅನ್ನವನ್ನು ನಾವು ಅಗಿಯುವುದಿಲ್ಲ, ಅದು ಜಾರಿ ಇಳಿಯುತ್ತದೆ. ಹತ್ತು ನಿಮಿಷದಲ್ಲಿ ಎಲೆ ಖಾಲಿಯಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಜಠರವು ಹಾಗೆ ಸುರಿದದ್ದನ್ನು ತಾಳದು. ಗಟ್ಟಿ ಆಹಾರವನ್ನು ಬೇರೆಯಾಗಿ, ದ್ರವವನ್ನು ಬೇರೆಯಾಗಿ, ನಡುವೆ ಕನಿಷ್ಠ ಅರ್ಧ ಗಂಟೆ ಬಿಟ್ಟು ತೆಗೆದುಕೊಳ್ಳಬೇಕು. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು. ಸಣ್ಣ ಚಮಚದಲ್ಲಿ, ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಉಣ್ಣಬೇಕು. ಇದನ್ನು ಇಂದಿನಿಂದಲೇ ರೂಢಿಸಿಕೊಳ್ಳಿ. ಗಾಯದ ನೋವಿನ ನಡುವೆ ಹೊಸ ಅಭ್ಯಾಸ ಹತ್ತುವುದಿಲ್ಲ. ನಿಮ್ಮ ಪತ್ರದಲ್ಲಿ ಉಲ್ಲೇಖವಿಲ್ಲದಿದ್ದರೂ ಅಡಿಕೆ ಬೆಳೆಯುವ ಊರಿನವರಿಗೆ ಹೇಳಲೇಬೇಕಾದ ಮಾತೊಂದು: ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವ, ಬೀಡಿ ಸಿಗರೇಟು ಸೇದುವ ಅಭ್ಯಾಸವಿದ್ದವರು ಕನಿಷ್ಠ ಆರು ವಾರ ಮೊದಲೇ ಅದನ್ನು ಬಿಡಬೇಕು, ಮತ್ತೆ ಹಿಡಿಯಬಾರದು. ನಿಕೋಟಿನ್ ಇದ್ದಲ್ಲಿ ಹೊಲಿಗೆ ಬೇಗ ಕೂಡುವುದಿಲ್ಲ, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ.

ಇನ್ನು ಸ್ಲೀವೋ ಬೈಪಾಸೋ ಎಂಬುದು. ಅಮೆರಿಕದ ಹಾಗೂ ಅಂತಾರಾಷ್ಟ್ರೀಯ ಶಸ್ತ್ರಚಿಕಿತ್ಸಕರ ಸಂಘಗಳು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಎತ್ತರಕ್ಕೆ ತೂಕದ ಸೂಚ್ಯಂಕ 35ನ್ನು ಮೀರಿದವರಿಗೆ ಬೇರೆ ಕಾಯಿಲೆ ಇರಲಿ ಇಲ್ಲದಿರಲಿ ಈ ಚಿಕಿತ್ಸೆಯನ್ನು ಸೂಚಿಸಬಹುದು, ಏಷ್ಯಾದವರಿಗೆ 27.5ರಿಂದಲೇ ಪರಿಗಣಿಸಬಹುದು. ನಿಮ್ಮದು ಸುಮಾರು 42. ಆದ್ದರಿಂದ ನಿಮಗೆ ಇದು ಅನಗತ್ಯವಾಗಿ ಹೇಳಿದ ಶಸ್ತ್ರಚಿಕಿತ್ಸೆಯಲ್ಲ. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು ಸಪೂರ ಕೊಳವೆಯಷ್ಟನ್ನು ಉಳಿಸುತ್ತಾರೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೂ ಅದರೊಂದಿಗೆ ಹೋಗುವುದರಿಂದ ಹಸಿವೇ ತಗ್ಗುತ್ತದೆ. ಬೈಪಾಸ್‌ನಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಮಾಡಿ, ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಸ್ಲೀವ್ ಸರಳ, ಆದರೆ ಅದರ ಬಳಿಕ ಎದೆಯುರಿ ಹೆಚ್ಚಾಗುವ ಸಂಭವವಿದೆ. ಬೈಪಾಸ್ ಎದೆಯುರಿಗೂ ಸಕ್ಕರೆ ಕಾಯಿಲೆಗೂ ಹೆಚ್ಚು ಒಳ್ಳೆಯದು, ಆದರೆ ಪೋಷಕಾಂಶಗಳ ಕೊರತೆ, ಜೋಡಣೆಯ ಜಾಗದ ಹುಣ್ಣು, ಸಿಹಿ ತಿಂದಾಗಿನ ತೊಂದರೆ ಇದರಲ್ಲಿ ಹೆಚ್ಚು. ಮೊಣಕಾಲು ನೋವಿಗೆ ಐಬುಪ್ರೊಫೆನ್, ಡಿಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ನುಂಗುವುದನ್ನು ಅದರ ನಂತರ ಪೂರ್ತಿ ಬಿಡಬೇಕು. ರಾತ್ರಿ ಎಬ್ಬಿಸುವಷ್ಟು ಎದೆಯುರಿ ಇರುವ ನಿಮ್ಮ ವಿಷಯದಲ್ಲಿ ನಾನಾಗಿದ್ದರೆ, ಎಂಡೋಸ್ಕೋಪಿಯ ವರದಿಯನ್ನು ಮುಂದಿಟ್ಟುಕೊಂಡು ಬೈಪಾಸ್ ಬಗ್ಗೆಯೇ ಮೊದಲು ವೈದ್ಯರೊಡನೆ ಮಾತಾಡುತ್ತಿದ್ದೆ. ಶಸ್ತ್ರಚಿಕಿತ್ಸೆ ಬೇಡವೆಂದಾದರೆ ಸೆಮಾಗ್ಲುಟೈಡ್, ಟಿರ್ಝೆಪಟೈಡ್ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದುಗಳಿವೆ. ಅವುಗಳಿಂದ ಒಳ್ಳೆಯ ಪ್ರಮಾಣದಲ್ಲಿ ತೂಕ ಇಳಿಯುತ್ತದೆ, ನಿಲ್ಲಿಸಿದರೆ ಹೆಚ್ಚಿನವರಲ್ಲಿ ಮರಳುತ್ತದೆ, ಖರ್ಚೂ ತಿಂಗಳು ತಿಂಗಳು ಬರುತ್ತದೆ.

ಶಸ್ತ್ರಚಿಕಿತ್ಸೆ ಮುಗಿದ ಮೊದಲ ಒಂದೆರಡು ದಿನ ತಿಳಿಯಾದ ದ್ರವ, ಆಮೇಲೆ ಎರಡು ವಾರ ತುಂಬುವವರೆಗೆ ಹಾಲು, ಸೋಸಿದ ತೊವ್ವೆಯ ನೀರು, ಸೋಸಿದ ಮಜ್ಜಿಗೆ, ಪ್ರೋಟೀನ್ ಪುಡಿ ಕಲಸಿದ ಪಾನೀಯ. ಮೂರು ನಾಲ್ಕನೆಯ ವಾರ ನುಣ್ಣಗೆ ಅರೆದದ್ದು. ಐದಾರನೆಯ ವಾರ ಮೆತ್ತನೆಯದು. ಆಮೇಲೆ ಮೆಲ್ಲಮೆಲ್ಲನೆ ಗಟ್ಟಿ ಆಹಾರ. ಒಂದೊಂದು ಆಸ್ಪತ್ರೆಯ ಲೆಕ್ಕ ನಾಲ್ಕಾರು ದಿನ ಆಚೀಚೆ ಇರುತ್ತದೆ, ನಿಮ್ಮವರು ಹೇಳಿದ್ದೇ ಪ್ರಮಾಣ. ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರಾದರೂ ದ್ರವ ಒಳಹೋಗಬೇಕು. ಸೀಯಾಳ ಕುಡಿಯಬಹುದಾದರೂ ಅದರಲ್ಲಿ ಪ್ರೋಟೀನ್ ಇಲ್ಲದಂತೆಯೇ, ಆದ್ದರಿಂದ ಇಡೀ ದಿನ ಅದನ್ನೇ ನೆಚ್ಚಬಾರದು.

ಪ್ರೋಟೀನಿನ ಲೆಕ್ಕವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲಿ ಮೊಟ್ಟೆ ಮೀನು ಇಲ್ಲ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ತೂಕ ವೇಗವಾಗಿ ಇಳಿಯುವಾಗ ಪ್ರೋಟೀನ್ ಸಿಗದಿದ್ದರೆ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ತೂಕದ ಯಂತ್ರದಲ್ಲಿ ಅಂಕಿ ಇಳಿದರೂ ಮೆಟ್ಟಿಲು ಹತ್ತಲು ಶಕ್ತಿ ಇರುವುದಿಲ್ಲ. ಒಂದು ಸಣ್ಣ ಬಟ್ಟಲು ಅನ್ನದಲ್ಲಿ ಇರುವುದು ಸುಮಾರು 4 ಗ್ರಾಂ, ಅಷ್ಟೇ ಗಾತ್ರದ ಗಂಜಿಯಲ್ಲಿ ಇನ್ನೂ ಕಡಿಮೆ, ಗಂಜಿಯ ತೆಳಿಯಲ್ಲಂತೂ ಲೆಕ್ಕಕ್ಕೆ ಸಿಗದಷ್ಟು. ಮೊದಲಿನ ಹೊಟ್ಟೆಯಲ್ಲಿ ಮೂರು ಬಟ್ಟಲು ಗಂಜಿಯ ಜೊತೆ ಪಲ್ಯಕ್ಕೂ ಮೊಸರಿಗೂ ಜಾಗವಿತ್ತು. ಈಗ ನಾಲ್ಕಾರು ಚಮಚಕ್ಕೆ ಹೊಟ್ಟೆ ತುಂಬುತ್ತದೆ. ಆ ನಾಲ್ಕಾರು ಚಮಚವನ್ನು ಗಂಜಿಯೇ ಹಿಡಿದುಕೊಂಡರೆ ಉಳಿದದ್ದಕ್ಕೆ ಎಡೆಯೆಲ್ಲಿದೆ? ಮೂರನೆಯ ತಿಂಗಳ ಒಂದು ದಿನವನ್ನು ಹೀಗೆ ಊಹಿಸಿಕೊಳ್ಳಿ: 200 ಮಿಲಿಲೀಟರ್ ಹಾಲಿನಿಂದ ಆರೇಳು ಗ್ರಾಂ, 50 ಗ್ರಾಂ ಪನೀರಿನಿಂದ ಒಂಬತ್ತು, ಒಂದು ಸಣ್ಣ ಬಟ್ಟಲು ಗಟ್ಟಿ ಹೆಸರುಬೇಳೆ ತೊವ್ವೆಯಿಂದ ಏಳು, ಒಣಗಿದಾಗ 15 ಗ್ರಾಂ ತೂಗುವ ಸೋಯಾ ಉಂಡೆಗಳಿಂದ ಏಳೆಂಟು, 100 ಗ್ರಾಂ ಮೊಸರಿನಿಂದ ಮೂರು. ಇಷ್ಟಾದರೂ ಮೂವತ್ತನಾಲ್ಕರ ಆಸುಪಾಸಿನಲ್ಲೇ ನಿಲ್ಲುತ್ತೇವೆ. ಉಳಿದದ್ದನ್ನು ಪ್ರೋಟೀನ್ ಪುಡಿಯೇ ತುಂಬಬೇಕು. ಅದು ವ್ಯಾಯಾಮಶಾಲೆಯ ಹುಡುಗರ ವಸ್ತು, ಮೂತ್ರಪಿಂಡ ಕೆಡಿಸುತ್ತದೆ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿದೆ. ಮೂತ್ರಪಿಂಡ ಆರೋಗ್ಯವಾಗಿರುವವರಿಗೆ ಈ ಪ್ರಮಾಣದಿಂದ ಹಾನಿಯಿಲ್ಲ; ಸಕ್ಕರೆ ಕಾಯಿಲೆ ಇರುವುದರಿಂದ ಮೂತ್ರಪಿಂಡದ ಸ್ಥಿತಿ ತಿಳಿಸುವ ನಿಮ್ಮ ಕ್ರಿಯಾಟಿನಿನ್ ಪರೀಕ್ಷೆಯನ್ನು ನೋಡಿಕೊಂಡೇ ವೈದ್ಯರು ಪ್ರಮಾಣ ಹೇಳಬೇಕು.

ಕೆಲವು ಆಹಾರಗಳು ಮೆತ್ತಗಿದ್ದರೂ ತಡವಾಗಿ ಬರಬೇಕು. ಹೆಚ್ಚು ಬೆಂದ ಅನ್ನ, ಬನ್ಸ್, ಬ್ರೆಡ್ಡು ಒಳಗೆ ಮುದ್ದೆಯಾಗಿ ಕಟ್ಟಿಕೊಳ್ಳುತ್ತವೆ. ಬಸಳೆಯ ದಂಟು, ನುಗ್ಗೆಕೋಡು, ಹಲಸಿನ ಸೊಳೆ, ಕಣಿಲೆ (ಎಳೆ ಬಿದಿರು) ಇವುಗಳ ನಾರು ಸಪೂರ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ಮೊದಲ ತಿಂಗಳುಗಳಲ್ಲಿ ಬೇಡ, ಆಮೇಲೆಯೂ ಚೆನ್ನಾಗಿ ಅಗಿದು, ಸ್ವಲ್ಪವೇ. ತಂಬುಳಿ ಒಳ್ಳೆಯದು, ಕಾಯಿ ಕಡಿಮೆ ಹಾಕಿ ಸೋಸಿದರೆ ಎರಡನೆಯ ವಾರದಲ್ಲೇ ಕುಡಿಯಬಹುದು.

ನಿಮ್ಮ ನೆರೆಮನೆಯವರ ವಾಂತಿಯ ವಿಷಯವನ್ನು ಓದಿ ನನಗೆ ನಿಜವಾಗಿಯೂ ಆತಂಕವಾಯಿತು. ಬೇಗ ಬೇಗ ತಿಂದಾಗ, ಒಂದು ಚಮಚ ಹೆಚ್ಚಾದಾಗ, ಅಗಿಯದೆ ನುಂಗಿದಾಗ ಅಪರೂಪಕ್ಕೊಮ್ಮೆ ವಾಂತಿಯಾಗುವುದುಂಟು. ಆದರೆ ಎರಡು ತಿಂಗಳಾದರೂ ನಿಲ್ಲದ ವಾಂತಿಯನ್ನು ‘ಈ ಆಪರೇಷನ್ನೇ ಹಾಗೆ’ ಎಂದು ಸಹಿಸಿಕೊಳ್ಳಬಾರದು. ದಾರಿ ಕಿರಿದಾಗಿರಬಹುದು, ಹುಣ್ಣಾಗಿರಬಹುದು. ಎಂಡೋಸ್ಕೋಪಿ ಮಾಡಿದರೆ ಗೊತ್ತಾಗುತ್ತದೆ, ಹೆಚ್ಚಿನವು ಸರಿಯಾಗುವಂಥವು. ಅದಕ್ಕಿಂತ ದೊಡ್ಡ ಅಪಾಯ ಬಿ1 ಜೀವಸತ್ವದ್ದು. ಥಯಮಿನ್ ಎನ್ನುವ ಇದರ ದಾಸ್ತಾನು ದೇಹದಲ್ಲಿ ಎರಡು ಮೂರು ವಾರಕ್ಕಷ್ಟೇ ಸಾಲುತ್ತದೆ. ವಾಂತಿಯಿಂದ ಅದು ಬರಿದಾದರೆ ಕಣ್ಣಿಗೆ ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಪಾದ ಜೋಮು ಹಿಡಿಯುವುದು, ಮಾತು ಗೊಂದಲವಾಗುವುದು ಶುರುವಾಗಿ, ತಡವಾದರೆ ಮೆದುಳಿನ ಹಾನಿ ಶಾಶ್ವತವಾಗುತ್ತದೆ. ಸುಸ್ತಾದಾಗ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಥಯಮಿನ್ ಖಾಲಿಯಾದ ದೇಹಕ್ಕೆ ಬರಿಯ ಗ್ಲೂಕೋಸ್ ಏರಿಸಿದರೆ, ಅದನ್ನು ಬಳಸಲು ಉಳಿದಿದ್ದ ಚೂರುಪಾರು ಥಯಮಿನ್ ಕೂಡ ಖರ್ಚಾಗಿ ಸ್ಥಿತಿ ಹದಗೆಡುತ್ತದೆ. ಥಯಮಿನ್ ಚುಚ್ಚುಮದ್ದು ಗ್ಲೂಕೋಸಿಗಿಂತ ಮೊದಲು ಬೀಳಬೇಕು. ಯಾವ ಶಸ್ತ್ರಚಿಕಿತ್ಸೆಯಾಗಿದೆ, ಯಾವತ್ತು ಆಗಿದೆ ಎಂದು ಬರೆದ ಚೀಟಿಯನ್ನು ಸದಾ ಚೀಲದಲ್ಲಿಟ್ಟುಕೊಂಡಿರಿ, ಊರಿನ ವೈದ್ಯರಿಗೆ ಅದನ್ನೇ ಮೊದಲು ತೋರಿಸಿ. ಇಂದೇ ಈ ಮಾತನ್ನು ನೆರೆಮನೆಯವರಿಗೂ ತಲುಪಿಸಿ, ಅವರು ಮರಳಿ ತಮ್ಮ ವೈದ್ಯರ ಬಳಿಗೆ ಹೋಗಲಿ.

ಕೂದಲು ಉದುರುವುದಕ್ಕೆ ಅಷ್ಟು ಹೆದರಬೇಕಿಲ್ಲ. ತೂಕ ವೇಗವಾಗಿ ಇಳಿಯುವಾಗ ಮೂರರಿಂದ ಆರನೆಯ ತಿಂಗಳವರೆಗೆ ಬಹಳ ಮಂದಿಗೆ ಉದುರಿ, ಮತ್ತೆ ಬೆಳೆಯುತ್ತದೆ. ಬಹಳ ದಿನ ನಿಲ್ಲದಿದ್ದರೆ ಪ್ರೋಟೀನ್, ಕಬ್ಬಿಣ, ಸತುಗಳ ಕೊರತೆಯಿದೆಯೇ ಎಂದು ನೋಡಬೇಕು.

ಮಾತ್ರೆಗಳು ಜೀವನಪೂರ್ತಿ. ಇದನ್ನು ಒಪ್ಪಿಕೊಳ್ಳಲಾಗದವರು ಶಸ್ತ್ರಚಿಕಿತ್ಸೆಯನ್ನೇ ಮರುಯೋಚಿಸುವುದು ಒಳ್ಳೆಯದೆಂದು ನಾನು ನೇರವಾಗಿ ಹೇಳುತ್ತೇನೆ. ಸಸ್ಯಾಹಾರ ಒಂದು ಕಡೆ, ವರ್ಷಗಟ್ಟಲೆ ಸೇವಿಸಿದ ಮೆಟ್‌ಫಾರ್ಮಿನ್ ಇನ್ನೊಂದು ಕಡೆ, ಎರಡೂ ಬಿ12 ಜೀವಸತ್ವವನ್ನು ತಗ್ಗಿಸುವಂಥವು. ಆದ್ದರಿಂದ ನಿಮ್ಮ ಬಿ12, ಡಿ, ಕಬ್ಬಿಣದ ಮಟ್ಟಗಳನ್ನು ಈಗಲೇ ಪರೀಕ್ಷಿಸಿ ಕೊರತೆಯಿದ್ದರೆ ತುಂಬಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯ ನಂತರ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ, ಅದೂ ಸಿಟ್ರೇಟ್ ರೂಪದ್ದು, ಹಲವು ಕಂತುಗಳಲ್ಲಿ. ಮುಟ್ಟು ನಿಲ್ಲದ ಮಹಿಳೆಯರಿಗೆ 45ರಿಂದ 60 ಮಿಲಿಗ್ರಾಂ ಕಬ್ಬಿಣ. ಜೊತೆಗೆ ಬಿ12, ಡಿ ಮತ್ತು ಇತರ ಜೀವಸತ್ವಗಳು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ನಡುವೆ ಎರಡು ಗಂಟೆ ಬಿಡಬೇಕು, ಕಬ್ಬಿಣವನ್ನು ಚಾ ಕಾಫಿಯೊಂದಿಗೆ ನುಂಗಬಾರದು.

ಸಂಬಂಧಿಕರ ತೂಕ ಮರಳಿದ್ದರ ಬಗ್ಗೆ: ಒಂದರಿಂದ ಎರಡು ವರ್ಷದೊಳಗೆ ತೂಕ ತನ್ನ ಕೆಳಗಿನ ಮಟ್ಟ ಮುಟ್ಟಿ, ಆಮೇಲೆ ಸ್ವಲ್ಪ ಏರುವುದು ಸಾಮಾನ್ಯ. ಅರ್ಧ ಮರಳಿದೆಯೆಂದರೆ ಕಾರಣ ಹುಡುಕಬೇಕು, ಅವರನ್ನು ದೂಷಿಸಬಾರದು. ಹಸಿವಿನ ಹಾರ್ಮೋನುಗಳು ಕಾಲಾಂತರದಲ್ಲಿ ಹೊಂದಿಕೊಳ್ಳುತ್ತವೆ. ನಾನು ಹೆಚ್ಚಾಗಿ ಕಾಣುವ ಇನ್ನೊಂದು ಕಾರಣ ಮಳೆಗಾಲದ ಸಂಜೆಯದ್ದು. ತೊವ್ವೆ, ಪಲ್ಯ ನಾಲ್ಕು ಚಮಚಕ್ಕೆ ಸಾಕೆನಿಸಿದರೂ, ಹಲಸಿನ ಹಪ್ಪಳ, ಸೋಂಟೆ (ಹಲಸಿನ ಚಿಪ್ಸ್), ಚಾದಲ್ಲಿ ಅದ್ದಿದ ಬಿಸ್ಕತ್ತು ಬಾಯಲ್ಲೇ ಕರಗಿ ಜಠರದಲ್ಲಿ ನಿಲ್ಲದೆ ಇಳಿದುಹೋಗುತ್ತವೆ. ಎಷ್ಟು ತಿಂದರೂ ಹೊಟ್ಟೆ ತುಂಬಿತೆಂಬ ಸೂಚನೆ ಬರುವುದಿಲ್ಲ. ಮಧ್ಯಾಹ್ನ ಪ್ರೋಟೀನ್ ಕಡಿಮೆಯಾದ ದಿನವೇ ಸಂಜೆ ಡಬ್ಬಿಗೆ ಕೈ ಹೋಗುವುದು.

ಜಂಬರಗಳ ಮಾತಿಗೆ ಬರುತ್ತೇನೆ. ನಾನು ನೋಡಿಕೊಳ್ಳುತ್ತಿದ್ದ ಕೃಷಿಕರೊಬ್ಬರು ಬೈಪಾಸ್ ಆಗಿ ಐದನೆಯ ತಿಂಗಳಲ್ಲಿ ಮದುವೆಯೊಂದರಲ್ಲಿ ಒತ್ತಾಯಕ್ಕೆ ಮಣಿದು ಎರಡು ಸೌಟು ಪಾಯಸ ಉಂಡರು. ಇಪ್ಪತ್ತು ನಿಮಿಷದಲ್ಲಿ ಎದೆ ಡವಗುಟ್ಟಿ, ಬೆವರಿ, ಹೊಟ್ಟೆ ನುಲಿದು, ಕೈ ತೊಳೆಯುವ ಜಾಗದಲ್ಲೇ ಕುಳಿತುಬಿಟ್ಟರು. ಸುತ್ತಲಿನವರು ಗ್ಯಾಸ್ ಎಂದು ಸೋಡಾ ತಂದರು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ: ಸಕ್ಕರೆ ಒಮ್ಮೆಗೇ ಸಣ್ಣಕರುಳಿಗೆ ಸುರಿದಾಗ ಅದು ರಕ್ತದಿಂದ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಒಂದರಿಂದ ಮೂರು ಗಂಟೆಯ ಬಳಿಕ ಇನ್ನೊಂದು ಬಗೆಯೂ ಬರಬಹುದು; ಇನ್ಸುಲಿನ್ ಅತಿಯಾಗಿ ಸ್ರವಿಸಿ ಸಕ್ಕರೆ ಕುಸಿದು ತಲೆ ಸುತ್ತುತ್ತದೆ. ಬಂದವರಿಗೆ ಆಸರಿಗೆಂದು, ಅಂದರೆ ಬಾಯಾರಿಕೆಗೆಂದು, ಬೆಲ್ಲ ನೀರು ಕೊಡುವ ಮನೆಗಳಲ್ಲಿ ಬರಿಯ ನೀರು ಕೇಳಿ ಪಡೆಯಲು ಸಂಕೋಚಪಡಬೇಡಿ. ಮೊದಲ ಮೂರು ತಿಂಗಳು ಜಂಬರಕ್ಕೆ ಹೋದರೂ ಊಟ ಮನೆಯಲ್ಲೇ ಮುಗಿಸಿಕೊಂಡು ಹೋಗಿ. ಆಮೇಲೆ ಪಂಕ್ತಿಗೆ ಕೂರುವುದಾದರೆ ಬಡಿಸುವವರಲ್ಲಿ ಒಬ್ಬರಿಗೆ ಮೊದಲೇ ಹೇಳಿಟ್ಟು, ಕೋಸಂಬರಿ, ಪಲ್ಯ, ದಪ್ಪ ತೊವ್ವೆಯನ್ನು ಒಂದೊಂದು ಚಮಚದಂತೆ ಹಾಕಿಸಿಕೊಳ್ಳಿ. ಎಲೆಯಲ್ಲಿ ಬಿಡಬಾರದೆಂಬ ಸಂಸ್ಕಾರ ನಮ್ಮಲ್ಲಿ ಆಳವಾಗಿರುವುದರಿಂದ, ಬಿದ್ದದ್ದನ್ನು ಮುಗಿಸಲು ಹೋಗಿ ಕಷ್ಟಪಡುವುದಕ್ಕಿಂತ ಬೀಳದಂತೆ ಕೈ ಅಡ್ಡ ಹಿಡಿಯುವುದು ಸುಲಭ. ಮಜ್ಜಿಗೆಯನ್ನು ಲೋಟದಲ್ಲಿ ಇಟ್ಟುಕೊಂಡು ಅರ್ಧ ಗಂಟೆ ಕಳೆದು ಕುಡಿಯಿರಿ.

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ನಿಮ್ಮ ಮನೆಯಿಂದ ಎಷ್ಟು ಹೊತ್ತಾಗುತ್ತದೆಂದು ಲೆಕ್ಕಹಾಕಿ, ಸಾಧ್ಯವಿದ್ದರೆ ಮೊದಲ ವಾರ ಆಸ್ಪತ್ರೆಯ ಹತ್ತಿರದ ಸಂಬಂಧಿಕರ ಮನೆಯಲ್ಲಿ ಇರಿ. ನಾಡಿ ನಿಮಿಷಕ್ಕೆ 120ನ್ನು ಮೀರಿ ಓಡುವುದು, ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಎಡ ಭುಜದ ನೋವು, ಉಸಿರುಕಟ್ಟುವುದು, ಒಂದು ಕಾಲಿನ ಮೀನಖಂಡ ಊದುವುದು, ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು.

ಮುಂದಿನ ಸಲ ಆಹಾರ ತಜ್ಞರನ್ನು ಕಾಣಲು ಹೋಗುವಾಗ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಡುಗೆಯನ್ನು ಬಲ್ಲವರು ಅವರು; ತೊವ್ವೆಯನ್ನು ಎಷ್ಟು ದಪ್ಪಗೆ ಬೇಯಿಸಬೇಕು, ತಂಬುಳಿಯನ್ನು ಹೇಗೆ ಸೋಸಬೇಕೆಂದು ಕಾರಣಸಹಿತ ಕೇಳಿಸಿಕೊಂಡರೆ ನಿಮಗಿಂತ ಚೆನ್ನಾಗಿ ಅವರೇ ನಿಭಾಯಿಸಬಹುದು. ಇನ್ನು ಗಂಜಿ. ಹೌದು, ಉಣ್ಣಬಹುದು. ನಮ್ಮ ಮಲಯಾಳಿ ನೆರೆಯವರ ಮನೆಗಳಲ್ಲಿ ಗಂಜಿಯ ಜೊತೆಗೆ ಹೆಸರುಕಾಳಿನ ಪಲ್ಯ ಇದ್ದೇ ಇರುತ್ತದಲ್ಲ, ಅದೇ ಜೋಡಿಯನ್ನು ಪ್ರಮಾಣ ಅದಲುಬದಲು ಮಾಡಿ ಬಟ್ಟಲಿಗೆ ಹಾಕಿಕೊಳ್ಳಿ. ಮೂರು ತಿಂಗಳು ಕಳೆದ ಮೇಲೆ, ಮೆತ್ತಗೆ ಬೆಂದ ಹೆಸರುಕಾಳನ್ನು ಮೊದಲು ಮೆಲ್ಲನೆ ತಿಂದು, ಹೊಟ್ಟೆಯಲ್ಲಿ ಜಾಗ ಉಳಿದಿದ್ದರೆ ತೆಳಿ ಬಸಿದ ಗಂಜಿ ಎರಡು ಚಮಚ, ನಾಲಿಗೆಯ ತುದಿಗೆ ಮಿಡಿ ಉಪ್ಪಿನಕಾಯಿಯ ರಸ.